ಹಿರೇಗುಂಡಿಹಾಳದ ಷರಾ ಪುಸ್ತಕ

"ಅಕ್ಕೋರ, ನಾಲ್ಕು ಗಂಟೆಕ್ಕ ನನ್ನ ಸುಳ್ಳಾಡಾಕಿ ಅಂತ ಬರದು ಕೆಲಸದಿಂದ ತಗೀತಾರ್ರಿ. ಸಾಲೀನೂ ಮುಚ್ಚತಾರ್ರಿ. ಅಷ್ಟರಾಗ ಏನರೆ ಮಾಡ್ರಿ."

ಬಾಗಿಲಲ್ಲಿ ನಿಂತು ಇಷ್ಟು ಹೇಳಿದ ಹೆಂಗಸು ಅಳುತ್ತಿರಲಿಲ್ಲ. ಸಿಟ್ಟಿನಿಂದ ನಡುಗುತ್ತಿದ್ದಳು. ಅದು ೧೯೩೮ರ ನವೆಂಬರ್ ತಿಂಗಳ ಒಂದು ಮಂಗಳವಾರ, ಮಧ್ಯಾಹ್ನ ಹನ್ನೆರಡರ ಸುಮಾರು. ಧಾರವಾಡದ ಸಪ್ತಾಪುರದಲ್ಲಿ ಲಕ್ಷ್ಮೀಬಾಯಿಯವರ ಮನೆಯ ಮುಂದಿನ ಖೋಲಿಯಲ್ಲಿ ನಾನು ಬಾಡಿಗೆಗಿದ್ದೆ. ವಕೀಲಿ ಪಾಸು ಮಾಡಿ ಮೂರು ವರ್ಷವಾಗಿದ್ದರೂ ಒಬ್ಬ ಕಕ್ಷಿಗಾರನೂ ನನ್ನ ಕಡೆ ಹಾಯ್ದಿರಲಿಲ್ಲ. ಹೀಗಾಗಿ ಕಾಕೂ ಎಲ್ಲಿಗೆ ಹೊರಟರೂ ಬೆನ್ನಿಗೆ ಹೋಗಲು ನನಗೆ ಬೇಕಾದಷ್ಟು ಪುರುಸೊತ್ತಿತ್ತು. ಲಕ್ಷ್ಮೀಬಾಯಿಯವರನ್ನು ನಾನು ಕಾಕೂ ಎಂದೇ ಕರೆಯುತ್ತಿದ್ದೆ. ಇಪ್ಪತ್ತೆಂಟು ವರ್ಷ ಹೆಣ್ಣುಮಕ್ಕಳ ಟ್ರೇನಿಂಗ್ ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಈ ವಿಧವೆಯ ಮುಂದೆ ಸುಳ್ಳು ಹೇಳಿ ದಕ್ಕಿಸಿಕೊಂಡವರನ್ನು ನಾನು ಕಂಡಿಲ್ಲ. ಊರಲ್ಲಿ ಏನಾದರೂ ಕಾಣೆಯಾದರೆ, ಯಾರದಾದರೂ ಸಹಿ ತಾನಾಗಿಯೇ ಹುಟ್ಟಿಕೊಂಡರೆ, ಜನ ಪೊಲೀಸರ ಬಳಿ ಹೋಗುವ ಮೊದಲು ನಮ್ಮ ಕಟ್ಟೆ ಹತ್ತುತ್ತಿದ್ದರು.

ಬಂದವಳು ದಾನವ್ವ, ಕಾಕೂ ಅವರ ಹಳೆಯ ವಿದ್ಯಾರ್ಥಿನಿ. ಶಿರಗುಪ್ಪಿಯ ಆಚೆ ಇರುವ ಹಿರೇಗುಂಡಿಹಾಳವೆಂಬ ಹಳ್ಳಿಯ ಹೆಣ್ಣುಮಕ್ಕಳ ಶಾಲೆಗೆ ಅವಳೊಬ್ಬಳೇ ಶಿಕ್ಷಕಿ.

"ಮೊದ್ಲ ನೀರು ಕುಡಿ. ಆಮ್ಯಾಲೆ ಬುಡದಿಂದ ಹೇಳು," ಎಂದರು ಕಾಕೂ.

ಅವಳು ಹೇಳಿದ್ದು ಇಷ್ಟು. ಆ ವರ್ಷದ ಆರಂಭದಲ್ಲಿ ಮುಂಬಯಿ ಅಸೆಂಬ್ಲಿಯ ಸದಸ್ಯರೊಬ್ಬರು ಹಳ್ಳಿಯ ಹೆಣ್ಣುಮಕ್ಕಳ ಶಾಲೆಗಳ ಬಗ್ಗೆ ಪ್ರಶ್ನೆ ಕೇಳಿದ್ದರು. ವಿದ್ಯಾಖಾತೆ ಉತ್ತರ ಕೊಟ್ಟಿತ್ತು: ಹಿರೇಗುಂಡಿಹಾಳದ ಶಾಲೆಯನ್ನು ಪ್ರತಿವರ್ಷ ತಪಾಸಣೆ ಮಾಡಲಾಗಿದೆ, ಅಲ್ಲಿಗೆ ಹುಡುಗಿಯರೇ ಬರುವುದಿಲ್ಲ, ಮುಚ್ಚುವುದು ಮೇಲು. ಪತ್ರಿಕೆಯಲ್ಲಿ ಅದನ್ನು ಓದಿದ ದಾನವ್ವ, ಇದು ಶುದ್ಧ ಸುಳ್ಳು ಎಂದು ನೇರವಾಗಿ ಅಸೆಂಬ್ಲಿಗೇ ಅರ್ಜಿ ಬರೆದಳು. ಇಂಥ ಅರ್ಜಿಗಳು ಹತ್ತಾರು ಬಂದಿದ್ದವು. ಖಾತೆ ಹೇಳಿದ್ದು ಖರೆಯೋ ಅಲ್ಲವೋ ನೋಡಲು ಸದಸ್ಯರ ಸಮಿತಿಯೊಂದು ಊರೂರು ತಿರುಗುತ್ತ ಧಾರವಾಡಕ್ಕೂ ಬಂದು, ಸರ್ಕಾರಿ ಬಂಗಲೆಯಲ್ಲಿ ವಿಚಾರಣೆ ನಡೆಸುತ್ತಿತ್ತು.

ಸಾಕ್ಷಿ ಹೇಳುವವರು ತಮ್ಮ ಕಾಗದಪತ್ರಗಳನ್ನು ಒಂದು ದಿನ ಮೊದಲು ಸಮಿತಿಯ ಕಚೇರಿಯಲ್ಲಿ ಇಡಬೇಕು. ಖಾತೆಯವರು ಬಂದು ಅವನ್ನು ನೋಡಬಹುದು. ಸೋಮವಾರ ದಾನವ್ವ ತನ್ನ ಶಾಲೆಯ ಷರಾ ಪುಸ್ತಕವನ್ನು ಕೊಟ್ಟಿದ್ದಳು. ತಪಾಸಣೆಗೆ ಬಂದ ಇನ್ಸ್‌ಪೆಕ್ಟರು ತಾರೀಕು ಹಾಕಿ, ಕಂಡದ್ದನ್ನು ಬರೆದು, ಸಹಿ ಮಾಡುವ ಪುಸ್ತಕ ಅದು. ೧೯೩೪ರ ನಂತರ ಅದರ ಹಾಳೆಗಳೆಲ್ಲ ಖಾಲಿ. ಆ ಖಾಲಿ ಹಾಳೆಗಳೇ ಅವಳ ಸಾಕ್ಷಿ.

"ಮುಂಜಾನಿ ಅಧ್ಯಕ್ಷರು ಪುಸ್ತಕ ತಗದ್ರ ಅದರಾಗ ಮೂರು ಷರಾ ಅದಾವ್ರಿ! ಮೂರು ವರ್ಷದ್ದು. ಹಿಂದಿನ ಇನ್ಸ್‌ಪೆಕ್ಟರ ಸಹಿ. ಅವರು ತೀರಿಕೊಂಡು ಆರು ತಿಂಗಳಾತು, ಕೇಳೂದು ಯಾರನ್ನ?"

"ತಾರೀಕು ನೋಡಿದೇನು?"

"ಎಲ್ಲಿ ನೋಡಾಕ ಕೊಟ್ರು? ದೂರಿಂದ ತೋರಿಸಿ ಮುಚ್ಚಿಬಿಟ್ರು."

"ಹಾಜರಿ ಪುಸ್ತಕ ಎಲ್ಲದ?"

"ಸಾಲ್ಯಾಗ ಐತ್ರಿ. ಹೋಗಿ ತರೂದ್ರಾಗ ಕತ್ತಲಾಕ್ಕೈತಿ. ಇವತ್ತ ಸಂತಿ, ಹೆಂಗೂ ಸಾಲಿ ಸೂಟಿ ಅಂತ ನಿನ್ನಿ ಒಂದ ದಿವಸಕ್ಕ ರಜಾ ಹಾಕಿ ಬಂದಿದ್ದೆ. ಹಿಂಗಾಕ್ಕೈತಿ ಅಂತ ಯಾರಿಗೆ ಗೊತ್ತಿತ್ತು?"

ಕಾಕೂ ಚಪ್ಪಲಿ ಮೆಟ್ಟಿದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಸತ್ತವನ ಸಹಿಯ ಹಿಂದೆ ಅಡಗಿ ಒಂದು ಶಾಲೆಯ ಕತ್ತು ಹಿಸುಕುವ ಗಂಡಸನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ನಾನೂ ಹೊರಟೆ.

ಬಂಗಲೆಯ ಬಾಗಿಲಲ್ಲಿ ಸಿಪಾಯಿ ಗೌಸಮೊದ್ದೀನ ಇದ್ದ. ಅವನ ಮಗಳೂ ಒಂದು ಕಾಲಕ್ಕೆ ಕಾಕೂ ಕೈಯಲ್ಲಿ ಕಲಿತವಳು, ಹಾಗಾಗಿ ಬಾಯಿ ಬಿಗಿಹಿಡಿಯಲಿಲ್ಲ.

"ನಿನ್ನಿ ಪುಸ್ತಕ ಇಟ್ಟಮ್ಯಾಲೆ ಆ ಖೋಲಿಯೊಳಗ ಮೂರೇ ಮಂದಿ ಹೋಗ್ಯಾರ್ರಿ ಬಾಯಾರ. ಒಬ್ಬೊಬ್ಬರೇ ಕುಂತಿದ್ರು. ಆರಕ್ಕ ಬೀಗ ಹಾಕಿ ಕೀಲಿ ಅಧ್ಯಕ್ಷರ ಕೈಯಾಗ ಕೊಟ್ಟೇನಿ. ಮುಂಜಾನಿ ಅವರೇ ತಗದಾರ."

ಆ ಮೂವರೂ ಒಳಗೇ ಇದ್ದರು. ಮೊದಲನೆಯವರು ಈಗಿನ ಇನ್ಸ್‌ಪೆಕ್ಟರು ಏಕನಾಥರಾವ. ಜೂನ್ ತಿಂಗಳಲ್ಲಿ ಈ ಜಿಲ್ಲೆಗೆ ಬಂದವರು, ಖಾತೆಯ ಪರವಾಗಿ ಕಾಗದ ನೋಡಲು ಒಂದು ತಾಸು ಕೂತಿದ್ದರು. ಎರಡನೆಯವ ಬಸಣ್ಣ, ಹಿರೇಗುಂಡಿಹಾಳದ ಅರಳೆ ವ್ಯಾಪಾರಿ, ಊರ ಶಾಲಾ ಕಮಿಟಿಯ ಹಿರಿಯ, ಕಮಿಟಿಯ ಕಾಗದ ಇಡಲು ಬಂದಿದ್ದ. ಶಾಲೆ ಮುಚ್ಚಿದರೆ ಆ ಕಟ್ಟಡದಲ್ಲಿ ಅರಳೆಯ ಮೂಟೆ ಪೇರಿಸಬಹುದೆಂದು ಅವನು ಕಾದು ಕೂತಿದ್ದ ವಿಷಯ ಊರಿಗೆಲ್ಲ ಗೊತ್ತಿತ್ತು. ಮೂರನೆಯವ ಸಮಿತಿಯ ಕಾರಕೂನ ಶಾಂತಯ್ಯ. ಹುಬ್ಬಳ್ಳಿ ಪೇಟೆಯಲ್ಲಿ ಹುಟ್ಟಿ ಬೆಳೆದವನು, ಹನ್ನೆರಡು ವರ್ಷ ವಿದ್ಯಾಖಾತೆಯ ಕಚೇರಿಯಲ್ಲೇ ಕೂತವನು. ವಿಚಾರಣೆ ಮುಗಿಯುವವರೆಗೆ ಖಾತೆ ಅವನನ್ನು ಸಮಿತಿಗೆ ಕೊಟ್ಟಿತ್ತು.

ಅಧ್ಯಕ್ಷರು ಬಿಳಿ ಖಾದಿಯ ಹಿರಿಯರು. ಕಾಕೂ ಕೇಳಿದ್ದಕ್ಕೆ ಪುಸ್ತಕವನ್ನು ಮುಂದೆ ಸರಿಸಿದರು. "ನೋಡ್ರಿ. ಆದ್ರ ನಾಲ್ಕಕ್ಕ ನಾ ತೀರ್ಪು ಬರೀಬೇಕು," ಎಂದರು.

ಮೂರು ಹಾಳೆ, ಮೂರು ಷರಾ. ನಡುವಿನದರ ಮೇಲೆ '೨೪ ನವೆಂಬರ್ ೧೯೩೬' ಎಂದಿತ್ತು. 'ಐದೇ ಹುಡುಗಿಯರನ್ನು ಕಂಡೆ. ಬಾಯಿಲೆಕ್ಕ ಕೇಳಿದೆ, ಬರಲಿಲ್ಲ. ಶಾಲೆ ನಡೆಸುವುದರಲ್ಲಿ ಅರ್ಥವಿಲ್ಲ.' ಅಕ್ಷರಗಳು ಹಳೆಯ ಷರಾಗಳ ಹಾಗೆಯೇ ಇದ್ದವು. ನನಗೆ ಕಂಡ ಒಂದೇ ವಿಶೇಷವೆಂದರೆ ಆ ಮೂರು ಹಾಳೆಗಳಲ್ಲಿ ಎಡಗಡೆ ಉದ್ದಕ್ಕೆ ಒಂದು ಸಣ್ಣ ಮಡಿಕೆಯ ಗೆರೆ ಇತ್ತು. ಯಾವುದೋ ಹುಡುಗಿ ಆಡುತ್ತ ಮಡಿಚಿರಬೇಕು ಎಂದುಕೊಂಡೆ. ಅದಕ್ಕಿಂತ ದೊಡ್ಡ ಬೇಟೆ ನನ್ನ ಕಣ್ಣಿಗೆ ಬಿದ್ದಿತ್ತು.

"ಮೂರು ವರ್ಷದ ಷರಾಕ್ಕ ಒಂದೇ ಬಣ್ಣದ ಮಸಿ!" ಎಂದು ಕೂಗಿದೆ.

"ಕಚೇರಿಯೊಳಗ ಪ್ರತಿವರ್ಷ ಅದೇ ಮಸಿ ಬರ್ತದ್ರಿ ವಕೀಲರ," ಎಂದು ಏಕನಾಥರಾವ ನಕ್ಕರು. ನನ್ನ ವಕೀಲಿ ಅಲ್ಲಿಗೆ ಮುಗಿಯಿತು.

ಕಾಕೂ ಅವರತ್ತ ತಿರುಗಿದರು. "ನೀವು ಬಂದು ಐದು ತಿಂಗಳಾತಲ್ಲ, ಆ ಸಾಲಿ ನೋಡೀರೇನು?"

ಅವರು ಕೆಮ್ಮಿದರು. "ಒಮ್ಮೆ ಹೊಂಟಿದ್ದೆ. ಶಿರಗುಪ್ಪಿ ಮಟ ಹೋದಮ್ಯಾಲೆ ನೆನಪಾತು, ಅವತ್ತು ಮಂಗಳವಾರ, ಆ ಊರ ಸಂತಿ, ಸಾಲಿ ತಗದಿರೂದಿಲ್ಲ ಅಂತ. ತಿರುಗಿ ಬಂದೆ."

"ನಂದೂ ಇವತ್ತಿನ ಸಂತಿ ಹಾಳಾತ್ರಿ," ಎಂದು ಬಸಣ್ಣ ನಡುವೆ ಬಾಯಿ ಹಾಕಿದ. "ಇಲ್ಲಿ ಬಂದು ಸುಮ್ಮನ ಕುಂತೇನಿ. ಲಗೂ ಮುಗಸ್ರಿ."

ಕಾಕೂ ಮೂವರಿಗೂ ಒಂದೊಂದು ಬಿಳಿ ಹಾಳೆ ಕೊಟ್ಟು, ನಿನ್ನೆ ಆ ಖೋಲಿಯಲ್ಲಿ ಎಷ್ಟು ಹೊತ್ತು ಇದ್ದಿರಿ ಎಂದು ಎರಡು ಸಾಲು ಬರೆಯಲು ಹೇಳಿದರು. ಏಕನಾಥರಾವ ಹಾಳೆಯ ಈ ಅಂಚಿನಿಂದ ಆ ಅಂಚಿಗೆ ದೊಡ್ಡ ಅಕ್ಷರದಲ್ಲಿ ಗೀಚಿದರು. ಬಸಣ್ಣ ಮೇಲೆ ಒಂದು 'ಶ್ರೀ' ಬರೆದು, ಅಂಗಡಿಯ ಚೀಟಿ ಬರೆದ ಹಾಗೆ ಒತ್ತೊತ್ತಾಗಿ ಬರೆದ. ಶಾಂತಯ್ಯ ಹಾಳೆಯ ಎಡ ಅಂಚನ್ನು ಮಡಿಚಿ, ಉಗುರಿನಿಂದ ತೀಡಿ, ಬಿಡಿಸಿ, ಗೆರೆಯ ಬಲಕ್ಕೆ ಮುತ್ತಿನಂಥ ಅಕ್ಷರದಲ್ಲಿ ಬರೆದ. ನಾನು ಒಂದೊಂದು ಅಕ್ಷರವನ್ನೂ ಷರಾದ ಜೊತೆ ಹೋಲಿಸಿ ನೋಡಿದೆ. ಒಂದೂ ಹೊಂದಲಿಲ್ಲ.

"ವೆಂಕಣ್ಣಾ," ಎಂದು ಕಾಕೂ ನನ್ನನ್ನು ಕರೆದರು, "ಸೈಕಲ್ ತಗೊಂಡು ಮನಿಗೆ ಹೋಗು. ಧಾತು ಸಂವತ್ಸರದ ಪಂಚಾಂಗ ದೇವರ ಖೋಲಿ ಗೂಡಿನ್ಯಾಗ ಅದ, ತಗೊಂಡು ಬಾ."

ಎರಡು ವರ್ಷದ ಹಳೆಯ ಪಂಚಾಂಗದಲ್ಲಿ ಇವರು ಯಾರ ಮುಹೂರ್ತ ನೋಡುತ್ತಾರೋ ಎಂದು ಗೊಣಗುತ್ತ ಹೋಗಿ ತಂದೆ. ಅವರು ಒಂದೇ ಹಾಳೆ ತೆಗೆದು ನೋಡಿ ಮುಚ್ಚಿದರು.

ನಾಲ್ಕು ಗಂಟೆಗೆ ಎಲ್ಲರೂ ಬಂಗಲೆಯ ದೊಡ್ಡ ಖೋಲಿಯಲ್ಲಿ ಸೇರಿದರು. ದಾನವ್ವನನ್ನು ಮೇಜಿನ ಮುಂದೆ ಆರೋಪಿಯ ಹಾಗೆ ನಿಲ್ಲಿಸಿದ್ದರು. ಅಧ್ಯಕ್ಷರು ತಲೆಯಾಡಿಸಿದ ಮೇಲೆ ಕಾಕೂ ಎದ್ದರು.

"ಈ ನಡುವಿನ ಷರಾದ ತಾರೀಕು ನೋಡ್ರಿ. ೧೯೩೬ರ ನವೆಂಬರ್ ಇಪ್ಪತ್ತನಾಲ್ಕು. ಪಂಚಾಂಗದಾಗ ನೋಡಿದೆ, ಮಂಗಳವಾರ. ಬಸಣ್ಣಾ, ನಿಮ್ಮೂರ ಸಂತಿ ಯಾವಾಗಿಂದ ಮಂಗಳವಾರ ಅದ?"

"ನಮ್ಮಜ್ಜನ ಕಾಲದಿಂದಲೂ ಮಂಗಳವಾರನ ರೀ."

"ಏಕನಾಥರಾವ, ಸಂತಿ ದಿವಸ ಆ ಸಾಲಿ?"

"ಸೂಟಿ ಇರ್ತದ್ರಿ. ರವಿವಾರ ನಡೀತದ. ಎಷ್ಟೋ ಹಳ್ಯಾಗ ಹಂಗಽ." ಹೇಳುತ್ತ ಹೇಳುತ್ತಲೇ ಅವರ ಮುಖ ಬಿಳಿಚಿತು.

"ಅಂದ್ರ ಸಾಲಿಗೆ ಬೀಗ ಹಾಕಿದ ದಿವಸ ಇನ್ಸ್‌ಪೆಕ್ಟರು ಒಳಗ ಕೂತು ಐದು ಹುಡುಗ್ಯಾರನ್ನ ಕಂಡಾರ, ಬಾಯಿಲೆಕ್ಕ ಕೇಳ್ಯಾರ! ಈ ಷರಾ ಸುಳ್ಳು. ಅದೇ ಮಸಿ, ಅದೇ ಕೈಯಿನ ಉಳಿದೆರಡೂ ಸುಳ್ಳು. ಬರದವ ಕಚೇರಿ ಮಂದಿಯ ಹಂಗ ರವಿವಾರ ತಪ್ಪಿಸ್ಯಾನ. ಸಂತಿ ತಪ್ಪಿಸಬೇಕು ಅಂತ ಅವನಿಗೆ ಹೊಳದಿಲ್ಲ. ಈಗ ಯಾರು ಅಂತ ನೋಡೋಣ. ಬಸಣ್ಣಗ ಸಾಲಿ ಕಟ್ಟಡದ ಮ್ಯಾಲೆ ಕಣ್ಣದ, ಖರೇ. ಆದ್ರ ಆ ಊರಾಗ ಹುಟ್ಟಿದಾಂವ ಮಂಗಳವಾರ ಸಾಲಿ ತಗಸೂದಿಲ್ಲ. ಏಕನಾಥರಾವ ಅವರು ಸಂತಿ ನೆನಪಾಗಿ ಶಿರಗುಪ್ಪಿಯಿಂದನಽ ತಿರುಗಿ ಬಂದವರು. ಅವರೂ ಈ ತಪ್ಪು ಮಾಡೂದಿಲ್ಲ. ಉಳಿದವರು ಒಬ್ಬರು."

ಎಲ್ಲರ ಕಣ್ಣೂ ಶಾಂತಯ್ಯನ ಮೇಲೆ ಬಿದ್ದವು.

"ಇದು ಊಹೆ ರೀ!" ಎಂದ ಅವನು. "ನನ್ನ ಅಕ್ಷರ ಹೊಂದಿಲ್ಲ. ವಕೀಲರೇ ನೋಡ್ಯಾರ."

"ವೆಂಕಣ್ಣ ಅಕ್ಷರ ನೋಡಿದ. ನಾ ನಿಮ್ಮ ಕೈ ನೋಡಿದೆ. ಅಂಚಿಗೆ ಜಾಗಾ ಬಿಡ್ಲಿಕ್ಕೆ ಹಾಳಿ ಮಡಿಚಿ ತೀಡೂದು ಕಾರಕೂನರ ರೂಢಿ. ಹನ್ನೆರಡು ವರ್ಷ ಮಾಡಿದ್ದನ್ನ ಕೈ ತಾನಽ ಮಾಡ್ತದ. ಅಕ್ಷರ ಬದಲ ಮಾಡೂದು ನೆನಪಿತ್ತು, ಮಡಿಕಿ ಬಿಡೂದು ನೆನಪಾಗಲಿಲ್ಲ. ಈ ಪುಸ್ತಕದಾಗ ಇನ್ಸ್‌ಪೆಕ್ಟರು ಕೈಯಾರೆ ಬರದ ಯಾವ ಹಾಳ್ಯಾಗೂ ಮಡಿಕಿ ಇಲ್ಲ. ಈ ಮೂರರಾಗ ಅದ. ನೀವು ಮಧ್ಯಾಹ್ನ ಕೊಟ್ಟ ಹಾಳಿಯೊಳಗೂ ಅದ."

ಅಧ್ಯಕ್ಷರು ಎರಡನ್ನೂ ಬೆಳಕಿಗೆ ಹಿಡಿದರು. ಆಡುತ್ತ ಮಡಿಚಿದ ಹುಡುಗಿಯನ್ನು ನೆನೆದು ನನಗೆ ನನ್ನ ಮೇಲೇ ನಾಚಿಕೆಯಾಯಿತು.

ಶಾಂತಯ್ಯ ಕುರ್ಚಿಯ ಬೆನ್ನು ಹಿಡಿದುಕೊಂಡ. "ಅಸೆಂಬ್ಲಿಗೆ ಹೋದ ಆ ಉತ್ತರ ಬರದಾಂವ ನಾನ ರೀ. ಮುಂಬಯಿಂದ ತಂತಿ ಬಂತು, ಸಂಜೀ ಒಳಗ ಉತ್ತರ ಬೇಕು ಅಂತ. ಆಗಿನ ಇನ್ಸ್‌ಪೆಕ್ಟರ ಸಾಹೇಬರು ಯಾವ ಹಳ್ಳಿಗೂ ಹೋಗಿರಲಿಲ್ಲ. 'ಏನರೆ ಬರದು ಹಾಕು' ಅಂದ್ರು. ಹಾಕಿದೆ. ಈ ಪುಸ್ತಕ ಖಾಲಿ ಕಂಡ್ರ ನನ್ನ ನೌಕರಿ ಹೋಗತಿತ್ತು."

"ಅದಕ್ಕ ಇವಳ ನೌಕರಿ ತಗೀಲಿಕ್ಕೆ ನಿಂತ್ರಿ," ಎಂದ ಕಾಕೂ ಅಧ್ಯಕ್ಷರತ್ತ ತಿರುಗಿದರು. "ನಿಮಗೂ ಒಂದು ಮಾತು ಹೇಳ್ತೇನಿ. ಯಾರ ಕೆಲಸ ತಪಾಸ ಮಾಡ್ಲಿಕ್ಕೆ ಬಂದೀರೋ ಅವರ ಕಡೆಯಿಂದನಽ ಕಾರಕೂನನ್ನ ಇಸಗೊಂಡೀರಿ. ಸಾಕ್ಷಿ ಕಾಗದ ಅವನ ಕೈಯಾಗ ಕೊಟ್ಟೀರಿ. ಮೊದಲನೇ ತಪ್ಪು ನಿಮ್ಮದು."

ಅಂಥ ದೊಡ್ಡವರಿಗೆ ಮುಖಕ್ಕೆ ಹೊಡೆದಂತೆ ಹೀಗೆ ಹೇಳಿದವರನ್ನು ನಾನು ನೋಡಿರಲಿಲ್ಲ. ಅಧ್ಯಕ್ಷರು ತಲೆ ತಗ್ಗಿಸಿದರು. ಆಮೇಲೆ ಶಾಂತಯ್ಯನನ್ನು ಪೊಲೀಸರ ವಶಕ್ಕೆ ಕೊಡಲು ಹೇಳಿ, ದಾನವ್ವನ ಮೇಲಿನ ಆರೋಪವನ್ನು ಹೊಡೆದುಹಾಕಿದರು. ಸಮಿತಿಯೇ ಖುದ್ದಾಗಿ ಹೋಗಿ ನೋಡುವವರೆಗೆ ಶಾಲೆಯನ್ನು ಮುಚ್ಚಕೂಡದೆಂದೂ ಬರೆದರು.

ಏಕನಾಥರಾವ ನಿಟ್ಟುಸಿರು ಬಿಟ್ಟರು. "ಛಲೋ ಆತು. ಒಬ್ಬ ಕಾರಕೂನನ ಕಿಡಿಗೇಡಿತನ. ಖಾತೆಯ ಮ್ಯಾಲೆ ದೋಷ ಉಳೀಲಿಲ್ಲ. ನೀ ಇನ್ನ ಊರಿಗೆ ಹೋಗವಾ."

"ಹೋಗಂಗಿಲ್ರಿ," ಎಂದಳು ದಾನವ್ವ. ಮುಂಜಾನೆಯಿಂದ ಸಮಿತಿಯವರು ಅವಳನ್ನು ಏನೂ ಕೇಳಿರಲಿಲ್ಲ. "ಶಾಂತಯ್ಯ ಸುಳ್ಳು ಬರದಾನ, ಖರೇ. ಆದ್ರ ಮೂರು ವರ್ಷ ಒಬ್ಬರೂ ಬರಲಿಲ್ಲಲ್ಲ, ಅದನ್ನ ಅವ ಬರದಿಲ್ಲ. ನಾ ಸಾಕ್ಷಿ ಹೇಳಾಕ ಬಂದಾಕಿ. ನಂದಿನ್ನೂ ಶುರುನ ಆಗಿಲ್ಲ."

"ಬರಕೊಳ್ಳಲಿಕ್ಕೆ ಈಗ ಕಾರಕೂನ ಇಲ್ಲಲ್ಲವಾ," ಎಂದರು ಏಕನಾಥರಾವ.

"ಅಧ್ಯಕ್ಷರಿಗೆ ಬರಿಯಾಕ ಬರ್ತೈತಲ್ರಿ?"

ಅಧ್ಯಕ್ಷರು ತಾವೇ ಮಸಿದೌತಿಯನ್ನು ಹತ್ತಿರ ಎಳೆದುಕೊಂಡು, ಕುರ್ಚಿ ತರಿಸಿ ಅವಳನ್ನು ಕೂಡಿಸಿದರು. "ಹೇಳವಾ," ಎಂದರು.

"ನಮ್ಮ ಸಾಲಿಗೆ ಹುಡುಗ್ಯಾರ ಬರೂದಿಲ್ಲ ಅಂತ ಅಸೆಂಬ್ಲ್ಯಾಗ ಅಂದಾರ. ಬರಾವರ ಹೆಸರು ಹೇಳತೇನಿ, ಬರಕೋರ್ರಿ. ಮಾಳವ್ವ, ಬಡಿಗೇರ ಯಂಕಣ್ಣನ ಮಗಳು, ಎರಡನೇ ಇಯತ್ತಾ. ಹಾಜರಾಬಿ, ಖಾಜಾಸಾಬನ ಮಗಳು, ಮೂರನೇ ಇಯತ್ತಾ. ಬಾಳವ್ವ..."

ಕೈಯಲ್ಲಿ ಒಂದು ಚೀಟಿಯೂ ಇಲ್ಲದೆ, ಎಲ್ಲೂ ತಡವರಿಸದೆ ಅವಳು ಹೇಳುತ್ತಾ ಹೋದಳು. ಮಧ್ಯದಲ್ಲಿ ಏಕನಾಥರಾವ, "ಎಲ್ಲಾ ಹೆಸರೂ ಬೇಕೇನ್ರಿ?" ಎಂದು ಗುನುಗಿದರು. ಅಧ್ಯಕ್ಷರು ತಲೆ ಎತ್ತಲಿಲ್ಲ, ಬರೆಯುತ್ತಲೇ ಇದ್ದರು. ಒಟ್ಟು ಮೂವತ್ತೇಳು ಹೆಸರು.

ಕೊನೆಯ ಹೆಸರು ಮುಗಿಸಿ ಅಧ್ಯಕ್ಷರು ಲೇಖನಿ ಕೆಳಗಿಟ್ಟರು. ದಾನವ್ವ ಏಳಲಿಲ್ಲ.

"ಬರದದ್ದನ್ನ ಓದಿ ಹೇಳ್ರಿ," ಎಂದಳು. "ಸರಿ ಐತೋ ಇಲ್ಲೋ ನಾ ತಪಾಸ ಮಾಡಬೇಕು."

ಅಧ್ಯಕ್ಷರು ಹಾಳೆ ಹಿಡಿದು ಎದ್ದು ನಿಂತರು, ಮೊದಲ ಹೆಸರಿನಿಂದ ಗಟ್ಟಿಯಾಗಿ ಓದತೊಡಗಿದರು.