ಮುನ್ನೂರ ಹದಿನೆಂಟನೇ ಮತ

ಹದಿನಾಲ್ಕನೇ ತಾರೀಖು, ಬುಧವಾರ. ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಐಸ್ ಫ್ಯಾಕ್ಟರಿ ಮಾಲೀಕರು ಠಾಣೆಯ ಮೆಟ್ಟಿಲು ಹತ್ತಿದರು. ಹಿಂದೆ ಅವರ ಭಾವಮೈದುನ, ಬಗಲಲ್ಲೊಂದು ಫೈಲು. ಪುರಸಭೆಯ ಮತ ಎಣಿಕೆ ಮುಗಿದದ್ದು ಹಿಂದಿನ ದಿನವಷ್ಟೇ. ಬಂದರು ವಾರ್ಡಿನಲ್ಲಿ ಔಷಧಿ ಅಂಗಡಿಯವರಿಗೆ ನಾನೂರ ಹನ್ನೆರಡು ಮತ, ಐಸ್ ಫ್ಯಾಕ್ಟರಿಯವರಿಗೆ ನಾನೂರ ಹನ್ನೊಂದು.

"ಒಂದೇ ಒಂದು ಓಟು ಸಾರ್," ಎಂದರು ಮಾಲೀಕರು, ಕೂರುವ ಮೊದಲೇ. "ಅದೂ ಸತ್ತವಳ ಓಟು."

ಇನ್ಸ್‌ಪೆಕ್ಟರ್ ಫೈಲು ತೆಗೆದುಕೊಂಡರು. ಬೂತಿನಲ್ಲಿ ಏಜೆಂಟಾಗಿ ಕೂತಿದ್ದ ಭಾವಮೈದುನ ಗುರುತು ಹಾಕಿದ್ದ ಮತದಾರರ ಪಟ್ಟಿ ಅದರಲ್ಲಿತ್ತು. ಕ್ರಮಸಂಖ್ಯೆ ಮುನ್ನೂರ ಹದಿನೆಂಟರ ಮುಂದೆ ಕೆಂಪು ಶಾಯಿಯ ಗೀಟು.

"ಇವರು ತೀರಿಕೊಂಡಿದ್ದಾರೆ ಅಂತ ಹೇಗೆ ಗೊತ್ತು?"

"ಏಳು ತಿಂಗಳಾಯ್ತು ಸಾರ್. ಬಲೆ ಶೆಡ್ಡಿನ ದೊಡ್ಡಕ್ಕ. ಆಸ್ಪತ್ರೆಯಿಂದ ಹೆಣ ತಂದಿದ್ದೇ ನನ್ನ ಗಾಡೀಲಿ."

ಇನ್ಸ್‌ಪೆಕ್ಟರ್ ಭಾವಮೈದುನನ ಕಡೆ ತಿರುಗಿದರು. "ಹೆಸರು ಕೂಗಿದಾಗ ನೀವು ಅಲ್ಲೇ ಇದ್ರಿ. ಆಕ್ಷೇಪಣೆ ಯಾಕೆ ಮಾಡಲಿಲ್ಲ?"

ಆತ ಬೆವರೊರೆಸಿಕೊಂಡ. "ಹೆಸರು ಕೂಗಿದ್ರು, ಗೀಟು ಹಾಕ್ದೆ. ಊರೆಲ್ಲ ಅವಳನ್ನ ದೊಡ್ಡಕ್ಕ ಅಂತಲೇ ಕರೀತಿದ್ದಿದ್ದು. ಅವಳಿಗೊಂದು ಹೆಸರಿದೆ ಅನ್ನೋದೇ ನನಗೆ ಗೊತ್ತಿರ್ಲಿಲ್ಲ ಸಾರ್. ಮನೆ ನಂಬರು ನೋಡಿದ್ದು ನಿನ್ನೆ, ಸೋತ ಮೇಲೆ."

"ಮುಖ ನೋಡಲಿಲ್ವಾ?"

"ಊಟ ಮಾಡ್ತಾ ಇದ್ದೆ."

"ನೋಡಿ ಸಾರ್, ಇವನನ್ನ ಕಾವಲಿಗೆ ಕೂರಿಸಿದ್ದೆ ನಾನು," ಎಂದು ಮಾಲೀಕರು ಹಣೆ ಚಚ್ಚಿಕೊಂಡರು. "ಮೀನಿನ ಬುಟ್ಟಿಗೆ ಬೆಕ್ಕನ್ನ ಕೂರಿಸಿದ್ರೂ ಕಣ್ಣು ಬಿಟ್ಟುಕೊಂಡಿರ್ತಿತ್ತು. ಇದು ಔಷಧಿ ಅಂಗಡಿಯವನದೇ ಕೆಲಸ. ಎಲ್ಲಿಂದಲೋ ಹೆಂಗಸನ್ನ ಕರಕೊಂಡು ಬಂದಿದ್ದಾನೆ."

ಹನ್ನೊಂದು ಇಪ್ಪತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಆರೋಪಿಯ ಕಾಲಂನಲ್ಲಿ ಔಷಧಿ ಅಂಗಡಿಯವರ ಹೆಸರು ಬರೆಯಲು ಇನ್ಸ್‌ಪೆಕ್ಟರ್ ಒಪ್ಪಲಿಲ್ಲ. 'ಅಪರಿಚಿತ ಮಹಿಳೆ' ಎಂದಷ್ಟೇ ಬರೆಸಿದರು. ಬರೆದ ಮೇಲೂ ಎರಡು ಸಲ ಓದಿದರು. ವರ್ಗವಾಗಿ ಬಂದು ನಾಲ್ಕು ತಿಂಗಳಾಗಿತ್ತು. ಈ ಊರಿನಲ್ಲಿ ಅವರನ್ನು ಸಾರ್ ಎನ್ನದೆ ಬೇರೆ ರೀತಿ ಕರೆಯುವವರು ಯಾರೂ ಇರಲಿಲ್ಲ. ತಪ್ಪಾದರೆ ಹೇಳಿಕೊಳ್ಳಲೂ ಒಬ್ಬರಿಲ್ಲದ ಜಾಗದಲ್ಲಿ ತಪ್ಪು ಮಾಡಬಾರದು ಎಂಬ ಹೆದರಿಕೆ ಅವರಿಗೆ.

ನ್ಯಾಯಾಲಯದ ಅನುಮತಿ ಸಿಕ್ಕಿದ್ದು ಮಾರನೆಯ ದಿನ. ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಖಜಾನೆಯಲ್ಲಿ ಚುನಾವಣಾಧಿಕಾರಿ ಮತ್ತು ಇಬ್ಬರು ಪಂಚರ ಎದುರು ಮೊಹರು ಒಡೆದು ಬೂತಿನ ರಿಜಿಸ್ಟರ್ ತೆರೆದರು. ಮುನ್ನೂರ ಹದಿನೆಂಟರ ಮುಂದೆ ಸಹಿ ಇತ್ತು. ಅಕ್ಷರ ಗುಂಡಗೆ, ಆತುರವಿಲ್ಲದ್ದು. ಪಕ್ಕದಲ್ಲಿ ಗುರುತಿನ ಚೀಟಿಯ ಸಂಖ್ಯೆ. ಅಂದರೆ ಬಂದವಳ ಕೈಯಲ್ಲಿ ಸತ್ತವಳ ಅಸಲಿ ಚೀಟಿಯೇ ಇತ್ತು.

ಪಂಚನಾಮೆ ಬರೆಯುತ್ತಿದ್ದ ಮಹಿಳಾ ಹೆಡ್ ಕಾನ್‌ಸ್ಟೇಬಲ್ ಪೆನ್ನು ನಿಲ್ಲಿಸಿದಳು. "ದೆವ್ವಗಳೂ ಚೀಟಿ ಹಿಡ್ಕೊಂಡು ಸಾಲಲ್ಲಿ ನಿಲ್ತಾವೆ ಅಂದ್ರೆ, ನಮ್ಮ ಜನಕ್ಕಿಂತ ವಾಸಿ ಸಾರ್."

ಇನ್ಸ್‌ಪೆಕ್ಟರ್ ನಗಲಿಲ್ಲ. ಗುರುತು ಹಾಕಿದ ಪಟ್ಟಿಯ ಮುಂದಿನ ಸಾಲಿನ ಮೇಲೆ ಬೆರಳಿಟ್ಟಿದ್ದರು. ಮುನ್ನೂರ ಹತ್ತೊಂಬತ್ತು, ಅದೇ ಮನೆ ನಂಬರು, ಅದೇ ತಂದೆಯ ಹೆಸರು. ಗೀಟಿಲ್ಲ.

"ಇದು ಯಾರು?"

"ತಂಗಿ ಇರ್ಬೇಕು. ಅದೇ ಶೆಡ್ಡಲ್ಲಿ ಬಲೆ ಕಟ್ಟೋಳು."

"ಸತ್ತವರು ಬಂದಿದ್ದಾರೆ. ಬದುಕಿರೋರು ಬಂದಿಲ್ಲ."

ಎಣಿಕೆ ಪತ್ರವನ್ನೂ ನೋಡಿದರು. ಆ ಬೂತಿನಲ್ಲಿ ತಿರಸ್ಕೃತ ಮತಪತ್ರ ಒಂದು. ಕಾರಣ: ಯಾವ ಗುರುತೂ ಇಲ್ಲ, ಖಾಲಿ. ಇನ್ಸ್‌ಪೆಕ್ಟರ್ ಅದನ್ನು ಬರೆದುಕೊಂಡರು.

ಮಧ್ಯಾಹ್ನ ಎರಡು ಗಂಟೆಗೆ ಗ್ರಂಥಾಲಯದ ಗುಮಾಸ್ತರ ಹೇಳಿಕೆ ಪಡೆದರು. ಮತದಾನದ ದಿನ ಬೂತಿನಲ್ಲಿ ಹೆಸರು ಕೂಗಿದವರು ಅವರೇ. ಏಜೆಂಟರಿಗೆ ಕೇಳಿಸುವಂತೆ ಪ್ರತಿ ಮತದಾರರ ಕ್ರಮಸಂಖ್ಯೆ, ಹೆಸರು ಗಟ್ಟಿಯಾಗಿ ಓದುವುದು ಅಲ್ಲಿಯ ನಿಯಮ.

"ಚೀಟೀಲಿದ್ದ ಫೋಟೊ ನೋಡಿದ್ರಾ?"

"ನೋಡ್ದೆ ಸಾರ್. ಹೋಲಿಕೆ ಇತ್ತು. ಹಳೇ ಫೋಟೊ, ಎಲ್ಲರದ್ದೂ ಹಾಗೇ ಇರತ್ತೆ."

"ಆಕೆ ಏನಾದ್ರೂ ಮಾತಾಡಿದ್ರಾ?"

ಗುಮಾಸ್ತರು ಯೋಚಿಸಿದರು. "ನಾನು ಹೆಸರು ಕೂಗ್ದೆ. ಕೇಳಿಸಲಿಲ್ಲ, ಇನ್ನೊಂದ್ ಸಲ ಹೇಳಿ ಅಂದ್ರು. ಪಾಪ, ಕಿವಿ ಮಂದ ಅಂದ್ಕೊಂಡು ಜೋರಾಗಿ ಕೂಗ್ದೆ. ಕಣ್ಣು ಮುಚ್ಚಿಕೊಂಡು ನಿಂತಿದ್ರು. ಹಿಂದಿದ್ದೋರು ಬೇಗ ಬೇಗ ಅಂತ ಗದರಿದ್ರು."

ನಾಲ್ಕು ಕಾಲಿಗೆ ಇನ್ಸ್‌ಪೆಕ್ಟರ್ ಮತ್ತು ಹೆಡ್ ಕಾನ್‌ಸ್ಟೇಬಲ್ ಬಂದರಿನ ಹಿಂದಿನ ಓಣಿಗೆ ಹೋದರು. ಎರಡು ಕೋಣೆಯ ಮನೆ. ಬಾಗಿಲು ತೆರೆದೇ ಇತ್ತು. ಐವತ್ತು ದಾಟಿದ ಹೆಂಗಸೊಬ್ಬಳು ಕಿಟಕಿಯ ಸರಳಿಗೆ ಬಲೆ ಸಿಕ್ಕಿಸಿಕೊಂಡು, ಬೆನ್ನು ಮಾಡಿ ಕೂತು ಅದರ ಹರಿದ ಕಣ್ಣುಗಳನ್ನು ಕಟ್ಟುತ್ತಿದ್ದಳು. ಎದುರಿಗೆ ಇನ್ನೊಂದು ಮಣೆ, ಅದರ ಮೇಲೆ ನೂಲು ಸುತ್ತಿದ ಇನ್ನೊಂದು ಬಲೆ ಸೂಜಿ. ಬಲೆಯ ಒಂದೇ ತುದಿಯಲ್ಲಿ ಕೆಲಸ ನಡೆದಿತ್ತು. ಮಣೆಯ ಕಡೆಯದು ಹರಿದಂತೆಯೇ ಇತ್ತು.

ಇನ್ಸ್‌ಪೆಕ್ಟರ್ ಬಾಗಿಲಲ್ಲೇ ನಿಂತು, ಬೇಕೆಂದೇ ಮೆಲ್ಲಗೆ ಕೇಳಿದರು: "ಕುಡಿಯೋಕೆ ನೀರು ಸಿಗತ್ತಾ?"

ಅವಳು ತಕ್ಷಣ ತಿರುಗಿದಳು. ಕಿವಿಯಲ್ಲಿ ಯಾವ ಮಂದವೂ ಇರಲಿಲ್ಲ. ನೀರಿನ ಲೋಟ ಚಾಚಿದ ಎಡಗೈಯ ತೋರುಬೆರಳಲ್ಲಿ ಉಗುರಿನ ಬುಡದವರೆಗೆ ಕಪ್ಪು ಶಾಯಿ.

"ಓಟು ಹಾಕಿದ್ರಾ?"

"ಹೂಂ."

"ರಿಜಿಸ್ಟರಲ್ಲಿ ನಿಮ್ಮ ಸಹಿ ಇಲ್ವಲ್ಲ."

ಅವಳು ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಹೆಡ್ ಕಾನ್‌ಸ್ಟೇಬಲ್ ಪಕ್ಕಕ್ಕೆ ಹೋಗಿ ಕೂತಳು. "ಅಕ್ಕಾ, ಯಾರಾದ್ರೂ ಹೇಳಿಕೊಟ್ಟು ಕಳಿಸಿದ್ರಾ? ಔಷಧಿ ಅಂಗಡಿಯೋರು?"

"ಅವರ ಮುಖ ನೋಡಿದ್ದೇ ಕರಪತ್ರದಲ್ಲಿ." ಅವಳು ಎದ್ದು, ಡಬ್ಬಿಯಿಂದ ಎರಡು ಗುರುತಿನ ಚೀಟಿ ತೆಗೆದು ಮೇಜಿನ ಮೇಲಿಟ್ಟಳು. "ನಾನೇ ಹೋಗಿದ್ದು."

"ನಿಮ್ಮಕ್ಕನ ಹೆಸರು ಪಟ್ಟೀಲಿ ಹೇಗೆ ಉಳೀತು?"

"ಪಟ್ಟಿಯವರು ಬಂದಿದ್ರು, ಅವಳು ಹೋಗಿ ತಿಂಗಳಾಗಿತ್ತು. ಮನೇಲಿ ಎಷ್ಟು ಜನ ಅಂದ್ರು. ಇಬ್ಬರು ಅಂದೆ. ಬಾಯಿ ತಪ್ಪಿ ಬಂದದ್ದೇ. ಆಮೇಲೆ ತಿದ್ದಬೇಕಿತ್ತು. ಅವರು ಇಬ್ಬರು ಅಂತ ಬರಕೊಂಡು ಹೋದ್ರಲ್ಲ, ಅವತ್ತು ಒಂದು ತುತ್ತು ಹೆಚ್ಚಿಗೆ ಉಂಡೆ."

ಇನ್ಸ್‌ಪೆಕ್ಟರ್ ಬರೆಯುತ್ತ ಕೇಳಿದರು, "ಹೆಸರನ್ನ ಎರಡು ಸಲ ಯಾಕೆ ಕೂಗಿಸಿದ್ರಿ?"

ಅವಳು ಅಕ್ಕನ ಚೀಟಿಯನ್ನು ಸೆರಗಿನಿಂದ ಒರೆಸಿ ಮತ್ತೆ ಮೇಜಿನ ಮೇಲಿಟ್ಟಳು.

"ಎಲ್ಲರಿಗೂ ಅವಳು ದೊಡ್ಡಕ್ಕ. ನನಗೂ ಅಕ್ಕ. ಹೆಸರು ಹಿಡಿದು ಕರೆಯೋರು ಅಪ್ಪ ಅಮ್ಮ, ಅವರು ಹೋಗಿ ಯಾವ ಕಾಲವಾಯ್ತು. ಬೂತಲ್ಲಿ ಮಾತ್ರ ಅವಳ ಪೂರ್ತಿ ಹೆಸರು ಕೂಗೋರು. ಮೊದಲು ಅವಳದ್ದು, ಹಿಂದೇನೇ ನನ್ನದು. ಹೊರಗೆ ಬಂದು ನಗೋಳು, 'ಕೇಳಿದ್ಯೇನೇ, ರಾಣಿ ಥರ ಕೂಗಿದ್ರು' ಅಂತ. ಈ ಸಲವೂ ಮನೆಗೆ ಓಟಿನ ಚೀಟಿ ಎರಡು ಬಂತು ಸಾರ್. ನನ್ನದು ತೋರಿಸಿದ್ರೆ ನನ್ನದೊಂದೇ ಕೂಗ್ತಾರೆ."

"ಒಂದೇ ಬೆರಳು, ಒಂದೇ ಸಲ ಹೋಗೋಕಾಗೋದು."

"ಅದಕ್ಕೇ ನನ್ನದು ಬಿಟ್ಟೆ."

"ಒಳಗೆ ಮತಪತ್ರದಲ್ಲಿ ಏನು ಮಾಡಿದ್ರಿ ಅಂತ ನಾನು ಕೇಳೋ ಹಾಗಿಲ್ಲ."

"ಕೇಳೋದೇನು? ಮಡಚಿ ಹಾಗೇ ಹಾಕಿದೆ. ಅವಳ ಓಟು ನಾನ್ಯಾಕೆ ಹಾಕ್ಲಿ? ಅವಳ ಮನಸಲ್ಲಿ ಯಾರಿದ್ರೋ."

ಸೂರ್ಯ ಮುಳುಗಿದ ಮೇಲೆ ಹೆಂಗಸನ್ನು ಬಂಧಿಸುವಂತಿಲ್ಲ. ಐದು ಇಪ್ಪತ್ತಕ್ಕೆ ಹೆಡ್ ಕಾನ್‌ಸ್ಟೇಬಲ್ ಅವಳನ್ನು ಬಂಧಿಸಿ ಠಾಣೆಗೆ ಕರೆತಂದಳು. ಸುದ್ದಿ ಅವರಿಗಿಂತ ಮುಂಚೆ ತಲುಪಿತ್ತು. ಐಸ್ ಫ್ಯಾಕ್ಟರಿ ಮಾಲೀಕರು ಬೆಂಚಿನಿಂದ ಎದ್ದರು.

"ಅಕ್ಕಾ, ನನಗೆ ನಿನ್ನ ಮೇಲೆ ಸಿಟ್ಟಿಲ್ಲ," ಎಂದರು ತಗ್ಗಿದ ದನಿಯಲ್ಲಿ. "ಔಷಧಿ ಅಂಗಡಿಯವನಿಗೆ ಹಾಕ್ದೆ ಅಂತ ಒಂದು ಮಾತು ಹೇಳಿಬಿಡು. ಕೋರ್ಟಲ್ಲಿ ಆ ಓಟು ಕಳೀತಾರೆ, ಇಬ್ಬರೂ ಸಮ ಆಗ್ತೀವಿ, ಚೀಟಿ ಎತ್ತಿ ಗೆದ್ದೋರ್ಯಾರು ಅಂತ ತೀರ್ಮಾನಿಸ್ತಾರೆ. ನಿನ್ನ ಕೇಸಿಗೆ ವಕೀಲರನ್ನ ನಾನೇ ಇಡ್ತೀನಿ."

ಇನ್ಸ್‌ಪೆಕ್ಟರ್ ತಡೆಯಲು ಬಾಯಿ ತೆರೆದರು. ಅಷ್ಟರಲ್ಲಿ ಅವಳೇ ಹೇಳಿದಳು:

"ಸುಳ್ಳು ಹೇಳೋದು ಬೇಡ ಅಣ್ಣಾ. ಅವಳನ್ನ ಗಾಡೀಲಿ ಮನೆ ಮುಟ್ಟಿಸಿದೋರು ನೀವು. ನನ್ನ ಓಟು ನಿಮಗೇ ಅಂತ ಇಟ್ಟಿದ್ದೆ. ಹಾಕೋಕಾಗ್ಲಿಲ್ಲ."

ಮಾಲೀಕರ ತುಟಿ ಸ್ವಲ್ಪ ಅಲ್ಲಾಡಿತು. ನಾನೂರ ಹನ್ನೊಂದಕ್ಕೆ ಒಂದು ಕೂಡಿಸುತ್ತಿದ್ದಾರೆಂದು ನೋಡಿದವರಿಗೆ ತಿಳಿಯುತ್ತಿತ್ತು. ಅವರು ಮತ್ತೆ ಬೆಂಚಿನ ಮೇಲೆ ಕೂತರು. ಸ್ವಲ್ಪ ಹೊತ್ತಿನ ಮೇಲೆ ಭಾವಮೈದುನನಿಗೆ, "ನಡಿಯೋ," ಎಂದು ಹೇಳಿ, ಯಾರ ಮುಖವನ್ನೂ ನೋಡದೆ ಹೊರಟುಹೋದರು.

ಬಂಧನದ ನಮೂನೆಯನ್ನು ಹೆಡ್ ಕಾನ್‌ಸ್ಟೇಬಲ್ ತುಂಬುತ್ತಿದ್ದಳು. ಹೆಸರು, ವಯಸ್ಸು, ವಿಳಾಸ, ದೇಹದ ಮೇಲಿನ ಗುರುತು. ಒಂದು ಕಾಲಂಗೆ ಬಂದು ನಿಂತಳು.

"ಬಂಧನದ ವಿಷಯ ಯಾರಿಗೆ ತಿಳಿಸ್ಬೇಕು ಅಕ್ಕಾ? ನೆಂಟರು, ಸ್ನೇಹಿತರು?"

"ಯಾರೂ ಇಲ್ಲ ತಾಯಿ."

"ಖಾಲಿ ಬಿಡೋ ಹಾಗಿಲ್ಲ. ಅಕ್ಕಪಕ್ಕದೋರು?"

ಅವಳು ಪ್ರಾಮಾಣಿಕವಾಗಿ ಯೋಚಿಸಿದಳು. ಶೆಡ್ಡಿನವರನ್ನು, ಓಣಿಯವರನ್ನು ಒಬ್ಬೊಬ್ಬರನ್ನಾಗಿ ನೆನೆದು ಕೈಬಿಡುತ್ತಿರುವುದು ಮುಖದಲ್ಲೇ ಕಾಣುತ್ತಿತ್ತು. "ನಾಳೆ ಕೆಲಸಕ್ಕೆ ಬರಲ್ಲ ಅಂತ ಮೇಸ್ತ್ರಿಗೆ ಹೇಳಿ. ಅಷ್ಟೇ."

ಜಾಮೀನು ಕೊಡಬಹುದಾದ ಅಪರಾಧ. ಅವಳ ಸ್ವಂತ ಮುಚ್ಚಳಿಕೆ ಬರೆಸಿಕೊಂಡು ಆರೂವರೆಗೆ ಬಿಟ್ಟರು. ಜೀಪಿನಲ್ಲಿ ಬಿಡುತ್ತೇವೆ ಎಂದರೆ ಬೇಡವೆಂದು ನಡೆದೇ ಹೋದಳು.

ಇನ್ಸ್‌ಪೆಕ್ಟರ್ ಕೇಸ್ ಡೈರಿ ತೆರೆದರು. ಉದ್ದೇಶ ಎಂಬಲ್ಲಿ 'ವೈಯಕ್ತಿಕ ಕಾರಣ' ಎಂದು ಬರೆದು, ಓದಿ, ಹೊಡೆದು ಹಾಕಿದರು. ಆಮೇಲೆ ನಿಧಾನವಾಗಿ ಬರೆದರು: 'ಯಾವ ಅಭ್ಯರ್ಥಿಯ ಲಾಭಕ್ಕೂ ಮಾಡಿದ್ದಲ್ಲ. ಮೃತ ಸಹೋದರಿಯ ಹೆಸರನ್ನು ನಾಲ್ಕು ಜನರೆದುರು ಕೂಗುವುದನ್ನು ಕೇಳುವ ಸಲುವಾಗಿ ಆರೋಪಿಯು ತನ್ನ ಸ್ವಂತ ಮತ ಬಿಟ್ಟುಕೊಟ್ಟಿರುತ್ತಾಳೆ.'

ಹೆಡ್ ಕಾನ್‌ಸ್ಟೇಬಲ್ ಭುಜದ ಹಿಂದಿನಿಂದ ಓದಿದಳು. "ಮೇಲಿನವರು ಇದನ್ನ ಒಪ್ತಾರಾ ಸಾರ್?"

"ಗೊತ್ತಿಲ್ಲ," ಎಂದರು ಇನ್ಸ್‌ಪೆಕ್ಟರ್. "ನಡೆದಿದ್ದು ಇದೇ."

ಕೆಳಗೆ ಸಹಿ ಮಾಡಿದರು. ಈ ಸಲ ಮತ್ತೊಮ್ಮೆ ಓದಲಿಲ್ಲ.