ಮಾಯವಾದ ಮೂರು ಕವಲಿನ ಮುಳ್ಳುಗಳು

"ಇದು ನೀನು ಮೊದಲು ತೋರಿಸಿದ ಸ್ಪಂಜೇ ಅಲ್ಲ. ಯಾರೋ ಬದಲಾಯಿಸಿರಬೇಕು, ಇಲ್ಲಾ ನೀನೇ ಕತೆ ಕಟ್ಟಿರಬೇಕು." ಮೇಷ್ಟ್ರು ಸೂಕ್ಷ್ಮದರ್ಶಕದಿಂದ ಕಣ್ಣೆತ್ತಿ ಹೀಗೆಂದಾಗ ಹುಡುಗಿ ತಾನೂ ಬಗ್ಗಿ ನೋಡಿದಳು.

ಹವಳದ ಬಂಡೆಯಡಿಯಿಂದ ಅವಳೇ ಮುಳುಗಿ ತಂದ, ನಿಂಬೆಹಣ್ಣಿನಷ್ಟು ಗಾತ್ರದ ಕಡಲ ಸ್ಪಂಜು ಅದು. ಅದರ ಮೈತುಂಬ ಕಣ್ಣಿಗೆ ಕಾಣದಷ್ಟು ಸಣ್ಣ, ಮೂರು ಕವಲಿನ ಮುಳ್ಳುಗಳಿದ್ದವು. ಅವುಗಳ ಜೋಡಣೆ ತಿಳಿದಿರುವ ಯಾವ ಜಾತಿಗೂ ಹೊಂದುತ್ತಿರಲಿಲ್ಲ. ಹೊಸ ಜಾತಿಯೆಂದು ಅದನ್ನು ವರ್ಣಿಸುವುದೇ ಅವಳ ಸಂಶೋಧನೆ. ಈಗ ನೋಡಿದರೆ ಗಾಜಿನ ಪಟ್ಟಿಯ ಮೇಲೆ ಒಂದು ಮುಳ್ಳೂ ಇಲ್ಲ!

"ಸಂಜೆಯೊಳಗೆ ಇತ್ಯರ್ಥ ಆಗದಿದ್ರೆ ಬೇರೆ ವಿಷಯ ಹುಡುಕ್ಕೋ," ಎಂದುಬಿಟ್ಟರು ಮೇಷ್ಟ್ರು.

ಅವಳು ಸೀಸೆಯನ್ನು ಎದೆಗವಚಿಕೊಂಡು ಪ್ರಯೋಗಾಲಯದ ಮಹಡಿಗೆ ಓಡಿದಳು. ಅಲ್ಲಿ ಅವಳ ದೊಡ್ಡಮ್ಮನ ವಾಸ. ಕೆಳಗಿನ ಸಂಗ್ರಹವನ್ನೆಲ್ಲ ನೋಡಿಕೊಳ್ಳುತ್ತಿದ್ದ ಆಕೆ, ಕಾಣೆಯಾದ ಮಾದರಿಗಳ ಜಾಡು ಹಿಡಿಯುವುದರಲ್ಲಿ ಎತ್ತಿದ ಕೈ.

"ಅಳೋದು ಆಮೇಲೆ. ಸೀಸೆ ಕೊಡಿಲ್ಲಿ." ದೊಡ್ಡಮ್ಮ ಸ್ಪಂಜನ್ನು ತಿರುಗಿಸಿ ನೋಡಿದರು. "ಎರಡು ಕಡೆ ಕತ್ತರಿಸಿದೆಯಲ್ಲೇ?"

"ಡೊಂಕಾಗಿರೋದು ನನ್ನ ಕತ್ತರಿದು. ನೆಟ್ಟಗಿರೋದು ಗಾಜಣ್ಣನ ಬ್ಲೇಡಿಂದು. ಮೇಷ್ಟ್ರು ನೋಡಿದ ಪಟ್ಟಿ ಅವ್ರೇ ಮಾಡಿದ್ದು."

ಗಾಜಿನ ಮುಳ್ಳಿನ ಸ್ಪಂಜುಗಳಲ್ಲೇ ಪಳಗಿದ ಹಿರಿಯ ಸಂಶೋಧಕನಿಗೆ ಪ್ರಯೋಗಾಲಯವಿಟ್ಟ ಅಡ್ಡಹೆಸರು ಗಾಜಣ್ಣ. ದೊಡ್ಡಮ್ಮ ಕೆಳಗಿಳಿದು ಅವನನ್ನೇ ಕೇಳಿದರು. "ಚೂರಿನ ಮಾಂಸ ಕರಗಿಸಿ ಮುಳ್ಳು ಬಿಡಿಸುವಾಗ ಏನಾದ್ರೂ ವಿಚಿತ್ರ ಕಾಣಿಸ್ತೇನಪ್ಪಾ?"

"ಏನಿಲ್ಲಮ್ಮ. ಸೋಡಾ ಬಾಟ್ಲಿ ತೆಗೆದ ಹಾಗೆ ಬುಸ್ ಅಂತು, ಅಷ್ಟೇ. ನಾನೇ ಕಳ್ಳ ಅಂತೀರಾ?"

"ಕಳ್ಳ ಸಿಕ್ಕಿಬಿದ್ದ. ಎಲ್ರನ್ನೂ ಕರಿ."

ಮೇಜಿನ ಸುತ್ತ ಎಲ್ಲರೂ ಸೇರಿದರು. ಹುಡುಗಿ ಮೊದಲ ದಿನ ಕತ್ತರಿಸಿ ಬೇರೆಯಾಗಿಟ್ಟಿದ್ದ ತುಣುಕನ್ನು ದೊಡ್ಡಮ್ಮ ಸ್ಪಂಜಿನ ಡೊಂಕು ಗಾಯಕ್ಕೆ ಹಿಡಿದರು. ಬೀಗಕ್ಕೆ ಕೀಲಿಯಂತೆ ಕೂತಿತು.

"ಸ್ಪಂಜು ಬದಲಾಗಿಲ್ಲ. ಹಾಗಾದ್ರೆ ಬದಲಾದದ್ದು ಕರಗಿಸೋ ರೀತಿ."

ಆ ತುಣುಕಿನಿಂದ ಎರಡು ಕಣ ಕಿತ್ತು, ಒಂದರ ಮೇಲೆ ಹುಡುಗಿ ಬಳಸಿದ್ದ ಬ್ಲೀಚಿನ ಹನಿ, ಇನ್ನೊಂದರ ಮೇಲೆ ಗಾಜಣ್ಣನ ಆ್ಯಸಿಡ್ ಹನಿ ಬಿಟ್ಟರು. ಆ್ಯಸಿಡ್ ಬಿದ್ದದ್ದು ಬುಸುಗುಟ್ಟಿತು. ಮೇಷ್ಟ್ರು ಸೂಕ್ಷ್ಮದರ್ಶಕದಲ್ಲಿ ಬಗ್ಗಿ ನೋಡಿದರು. ಬ್ಲೀಚಿನಡಿ ಮೂರು ಕವಲಿನ ಮುಳ್ಳುಗಳ ಕಾಡೇ ಇತ್ತು, ಆ್ಯಸಿಡ್ಡಿನಡಿ ಬಟ್ಟಬಯಲು.

"ಗಾಜಿನ ಮುಳ್ಳಿಗೆ ಆ್ಯಸಿಡ್ ಏನೂ ಮಾಡಲ್ಲ, ಮಾಂಸ ಮಾತ್ರ ತಿನ್ನುತ್ತೆ. ಇವನಿಗೆ ಅದೇ ರೂಢಿ," ಎಂದರು ದೊಡ್ಡಮ್ಮ. "ಇದರ ಮುಳ್ಳು ಸುಣ್ಣದ್ದು. ಆ್ಯಸಿಡ್ ಬಿದ್ರೆ ಸುಣ್ಣ ಬುಸ್ ಅಂತ ಕರಗದೆ ಇರುತ್ಯೇ? ಪಾಪ, ಗೊತ್ತಿಲ್ದೆ ಸಾಕ್ಷಿಗೆ ಅವನೇ ಆ್ಯಸಿಡ್ ಕುಡಿಸಿ ಮುಗಿಸಿದ. ನೀನಾದ್ರೂ ಬ್ಲೀಚೇ ಹಾಕಿ ಅಂತ ಮೊದಲೇ ಒಂದು ಮಾತು ಹೇಳಬಾರದಿತ್ತೇನೇ?"

"ಹಿರಿಯರಿಗೆ ಹೇಳೋದು ಹೇಗೆ ಅಂತ..." ಹುಡುಗಿ ತಲೆತಗ್ಗಿಸಿದಳು.

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. "ನನ್ನ ಬಾಯಿ ದುಡುಕಿತಮ್ಮ. ಕೆಲಸ ಮುಂದುವರಿಸು. ಜಾತಿಗೆ ಏನು ಹೆಸರಿಡ್ತೀಯ?"

"ನನ್ನ ಹೆಸರಂತೂ ಬೇಡಮ್ಮಾ!" ಗಾಜಣ್ಣ ಕೈಮುಗಿದ.

ಎಲ್ಲರೂ ನಕ್ಕರು. ಹುಡುಗಿ ಕತ್ತರಿ ಎತ್ತಿಕೊಂಡಳು. ಅವಳ ದನಿ ಮೊದಲ ಬಾರಿಗೆ ಕೋಣೆಯ ಆ ತುದಿಗೂ ಕೇಳಿಸಿತು.

"ಹೆಸರು ಆಮೇಲೆ, ಸಾರ್. ಇನ್ನೊಂದು ಚೂರು ಕತ್ತರಿಸ್ತಿದೀನಿ. ಗಾಜಣ್ಣಾ, ಆ ಆ್ಯಸಿಡ್ ಬಾಟ್ಲಿ ಸ್ವಲ್ಪ ದೂರ ಇಡಿ!"