ಪಕ್ಕದಿಂದ ಬೀಳುವ ಬೆಳಕು

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುವ ಮಾತನ್ನು ಅವಳ ಅಕ್ಕ ಮನಸಾರೆ ನಂಬಿದ್ದಳು. ಈ ಸಲ ಒಂದೇ ಸುಳ್ಳಿನಲ್ಲಿ ಕೆಲಸ ಮುಗಿಸಿದ್ದಳು, ಅಷ್ಟೇ. ಅದು ಯಾವ ಸುಳ್ಳೆಂದು ತಿಳಿಯದ ತಂಗಿ ಬಸ್ಸಿಳಿದು ಬಂದು, ಹಳ್ಳಿಯ ಮ್ಯೂಸಿಯಂ ಬಾಗಿಲ ಮುಂದೆ ನಿಂತು ಚಪ್ಪಲಿಯ ಧೂಳು ಕೊಡವಿಕೊಂಡಳು.

ಅವಳು ಬಟ್ಟೆ ಹೊಲಿಯುವವಳು. ಅಮ್ಮ ಹಾಸಿಗೆ ಹಿಡಿದಂದಿನಿಂದ ಮನೆಯ ಮುಂದಿನ ಕೋಣೆಯಲ್ಲೇ ಮಿಷನ್ ಹಾಕಿಕೊಂಡು, ಒಂದು ಕಿವಿಯನ್ನು ಒಳಗಿನ ಕೆಮ್ಮಿಗೆ ಕೊಟ್ಟು, ವರ್ಷಗಟ್ಟಲೆ ಹೊಲಿದವಳು. ಅಮ್ಮ ಹೋದ ದಿನ ಅಳು ಬರಲಿಲ್ಲ. ನಾಳೆ ಬಂದೀತು ಅಂದುಕೊಂಡಳು, ಬರಲಿಲ್ಲ. ಆಮೇಲೆ ನಗುವಾಗಲಿ ಹಸಿವಾಗಲಿ ಸಿಟ್ಟಾಗಲಿ, ಯಾವುದೂ ಇತ್ತ ಸುಳಿಯಲಿಲ್ಲ. ಯಾರು ಏನು ಹೇಳಿದರೂ ಹೂಂ ಎನ್ನುತ್ತಿದ್ದಳು.

"ಒಬ್ರಿದ್ದಾರೆ. ಹೆಂಡತಿ ತೀರ್ಕೊಂಡಿದ್ದಾರೆ. ಮ್ಯೂಸಿಯಂ ನೋಡ್ಕೋತಾರೆ. ನಿನ್ನನ್ನ ನೋಡ್ಬೇಕು ಅಂತ ಕಾಯ್ತಿದ್ದಾರೆ, ಹೋಗಿ ಬಾ" ಎಂದು ಅಕ್ಕ ಹೇಳಿದಾಗಲೂ ಕೋಲೆಬಸವನ ಹಾಗೆ ತಲೆಯಾಡಿಸಿದ್ದಳು. ಸಂಜೆಯೊಳಗೆ ಉತ್ತರ ಹೇಳಬೇಕಿತ್ತು. ಹೂಂ ಅಂದರಾಯಿತು ಎಂದು ಬಸ್ಸಿನಲ್ಲೇ ತೀರ್ಮಾನಿಸಿದ್ದಳು. ಒಬ್ಬರನ್ನು ಮದುವೆಯಾಗುವುದಕ್ಕೂ ಒಬ್ಬರ ಅಂಗಿಗೆ ಗುಂಡಿ ಹಾಕಿಕೊಡುವುದಕ್ಕೂ ಅವಳಿಗೆ ಈಗ ಹೆಚ್ಚಿನ ವ್ಯತ್ಯಾಸ ಕಾಣುತ್ತಿರಲಿಲ್ಲ.

ಬಾಗಿಲು ತೆರೆದವನು ಎತ್ತರಕ್ಕಿದ್ದ. ಮೊದಲು ಡ್ರಾಯಿಂಗ್ ಕಲಿಸುತ್ತಿದ್ದವನು. ಈಗ ಊರವರೆಲ್ಲ ಅವನನ್ನು ಕಲ್ಲು ಮೇಷ್ಟ್ರು ಎಂದೇ ಕರೆಯುತ್ತಿದ್ದರು.

"ಅಕ್ಕ ಕಳಿಸಿದ್ಲು" ಎಂದಳು, ಅಕ್ಕನ ಹೆಸರನ್ನೂ ಹೇಳಿದಳು.

ಏನೋ ಹೇಳಲು ಬಾಯಿ ತೆರೆದವನು ಅವಳ ಮುಖ ನೋಡಿ ನುಂಗಿಕೊಂಡ.

"ಅಷ್ಟು ದೂರದಿಂದ ಬಂದಿದ್ದೀರಿ. ಕಲ್ಲಾದ್ರೂ ನೋಡಿ, ಬನ್ನಿ."

ಒಂದೇ ಕೋಣೆ. ಗೋಡೆಯುದ್ದಕ್ಕೂ ಮರದ ಪೀಠಗಳ ಮೇಲೆ ಕಲ್ಲುಗಳು. ಸಾವಿರ ವರ್ಷದ ಹಿಂದೆ ಯಾರೋ ಕೆತ್ತಿದವು, ಆಮೇಲೆ ಯಾರಿಗೂ ಬೇಡವಾಗಿ ಊರಿನ ಮೋರಿಗೆ, ಮೆಟ್ಟಿಲಿಗೆ, ದನದ ಕೊಟ್ಟಿಗೆಯ ಗೋಡೆಗೆ ಸೇರಿದ್ದವು. ಅವಳು ಒಂದೊಂದರ ಮುಂದೆಯೂ ನಿಂತಳು. ಬೂದು ಬಣ್ಣದ ಕಲ್ಲು. ಪಕ್ಕದಲ್ಲಿ ಇನ್ನೊಂದು ಬೂದು ಬಣ್ಣದ ಕಲ್ಲು.

"ಚೆನ್ನಾಗಿದೆ" ಎಂದಳು.

"ಏನು ಕಾಣಿಸ್ತು?"

"ಕಲ್ಲು."

ಅವನ ತುಟಿಯ ಒಂದು ಅಂಚು ಮಾತ್ರ ಮೇಲೆದ್ದಿತು. "ಸುಳ್ಳು ಹೇಳೋದ್ರಲ್ಲಿ ನೀವು ನಿಮ್ಮಕ್ಕನ ಕಾಲಿನ ಧೂಳಿಗೂ ಸಮ ಇಲ್ಲ" ಎಂದು ಕಿಟಕಿಯ ಬಾಗಿಲುಗಳನ್ನು ಒಂದೊಂದಾಗಿ ಮುಚ್ಚತೊಡಗಿದ. "ಇವು ಸವೆದಿರೋ ಕಲ್ಲು. ಎದುರಿನಿಂದ ಬೆಳಕು ಬಿದ್ರೆ ಏನೂ ಕಾಣಲ್ಲ. ಪಕ್ಕದಿಂದ ಬೀಳ್ಬೇಕು. ಒಬ್ರು ದೀಪ ಹಿಡೀಬೇಕು, ಒಬ್ರು ನೋಡ್ಬೇಕು. ಒಬ್ಬರಿಂದ ಆಗೋ ಕೆಲಸ ಅಲ್ಲ."

ಉದ್ದ ವೈರಿನ ದೀಪವೊಂದನ್ನು ಎತ್ತಿ ಕಲ್ಲಿನ ಪಕ್ಕಕ್ಕೆ, ಗೋಡೆಗೆ ಆನಿಸಿದಂತೆ ಹಿಡಿದ. ಬೋಳು ಕಲ್ಲಿನ ಮೇಲೆ ನೆರಳುಗಳು ಎದ್ದವು. ಮೂರೆಳೆಯ ಹೆಣಿಗೆ, ಒಂದರ ಮೇಲೊಂದು ಹಾದು, ಕೆಳಗೆ ನುಸುಳಿ, ಮತ್ತೆ ಮೇಲೆ ಬಂದು ಕಲ್ಲಿನ ತುಂಬ ಹರಡಿತ್ತು. ಅವಳು ಬಗ್ಗಿದಳು. ಕಣ್ಣು ತಾನಾಗಿಯೇ ಎಳೆಯ ಬೆನ್ನು ಹತ್ತಿತು, ಹೊಲಿಗೆಯವರ ಕಣ್ಣಿಗೆ ಬೇರೆ ದಾರಿ ಗೊತ್ತಿಲ್ಲ.

"ಕೆತ್ತಿದವನು ಇಲ್ಲಿ ತಪ್ಪಿದ್ದಾನೆ" ಎಂದಳು. "ಇದು ಕೆಳಗೆ ಹೋಗ್ಬೇಕಿತ್ತು. ಎರಡು ಸಲ ಮೇಲೇ ಬಂದಿದೆ."

"ತಪ್ಪಿಲ್ಲ."

"ಇದೆ ರೀ. ಕಣ್ಣಿಗೆ ಕಾಣ್ತಿದೆಯಲ್ಲ."

"ನಿಮ್ಮ ಕಣ್ಣು ಸರಿಯಿದೆ. ದೀಪ ಎತ್ತರ ಆಯ್ತು." ಅವನು ಮೊಣಕಾಲೂರಿ ದೀಪವನ್ನು ಗೇಣಷ್ಟು ಇಳಿಸಿದ. ನೆರಳು ಸರಿಯಿತು. ಎಳೆ ಮರ್ಯಾದೆಯಿಂದ ಕೆಳಗೆ ನುಸುಳಿ ಹೋಯಿತು.

ಅವಳ ಕಿವಿ ಬಿಸಿಯಾಯಿತು. "ನೀವು ಬೇಕೂಂತಲೇ ಎತ್ತರ ಹಿಡಿದಿದ್ರಿ."

"ಹೌದು. ಹೆಣಿಗೆ ಗೊತ್ತಿರೋರು ಎಲ್ರೂ ಅಲ್ಲೇ ಬೀಳ್ತಾರೆ. ಗೊತ್ತಿಲ್ದೋರು ಚೆನ್ನಾಗಿದೆ ಅಂತ ಮುಂದೆ ಹೋಗ್ತಾರೆ."

"ಇದೇನು ಹುಡುಗಾಟ?" ಅವಳಿಗೆ ನಿಜವಾಗಿ ಸಿಟ್ಟು ಬಂದಿತ್ತು. ಬಂದದ್ದು ಸಿಟ್ಟೆಂದು ಗುರುತು ಹಿಡಿಯಲು ಸ್ವಲ್ಪ ಹೊತ್ತು ಹಿಡಿಯಿತು. ಬಹಳ ದಿನ ಮುಚ್ಚಿದ್ದ ಮನೆಯೊಳಗೆ ಯಾರೋ ಪಾತ್ರೆ ಬೀಳಿಸಿದ ಹಾಗಾಗಿತ್ತು. ಅವನು ಕೆಳಗಿನಿಂದ ಅವಳನ್ನೇ ನೋಡುತ್ತಿದ್ದ. ರೆಪ್ಪೆ ಬಡಿದ, ನೋಟ ಕಲ್ಲಿನ ಕಡೆ ತಿರುಗಿಸಿದ, ಮತ್ತೆ ಕದ್ದು ಅವಳ ಕಡೆಗೇ ತಂದ. ಅವಳು ನೋಡದವಳಂತೆ, ಚೂಡಿದಾರ ಹಾಕಿದ್ದರೂ ಸೆರಗು ಸರಿಮಾಡಿಕೊಳ್ಳುವ ಹಾಗೆ ಹೆಗಲನ್ನು ಸವರಿಕೊಂಡಳು.

"ನಾನೊಂದು ಹೇಳ್ಬೇಕು" ಎಂದ ಅವನು, ದೀಪ ಕೆಳಗಿಟ್ಟು. "ನಾನು ನಿಮಗೋಸ್ಕರ ಕಾಯ್ತಿರ್ಲಿಲ್ಲ. ನಿಮ್ಮಕ್ಕ ಕೇಳಿದ ದಿನವೇ ಬೇಡ ಅಂದುಬಿಟ್ಟಿದ್ದೆ."

ಆ ಮಾತು ಅವಳಿಗೆ ತಟ್ಟಬೇಕಾದ ಕಾರಣವೇ ಇರಲಿಲ್ಲ. ಇವನು ಯಾರೋ, ಇವಳು ಯಾರೋ. ಬೇಡ ಎಂದರೆ ಒಳ್ಳೆಯದೇ ಆಯಿತು, ಬಸ್ಸು ಹತ್ತಿ ಹೋಗಿ ಮಿಷನ್ ಮುಂದೆ ಕೂರಬಹುದು. ಆದರೂ ತಟ್ಟಿತು.

"ಮತ್ತೆ ಬಾಗಿಲಲ್ಲೇ ಹೇಳ್ಬಹುದಿತ್ತಲ್ಲ."

"ಹೇಳೋಣಾಂತಲೇ ಇದ್ದೆ. ನಿಮ್ಮ ಮುಖ ನೋಡಿದ ಮೇಲೆ ಆಗ್ಲಿಲ್ಲ. ಕನ್ನಡಿಯಲ್ಲಿ ದಿನಾ ನೋಡ್ತೀನಿ ಆ ಮುಖಾನ."

ಅವಳು ಬೆಂಚಿನ ಮೇಲೆ ಕೂತಳು. ಅಕ್ಕನ ಮೇಲೆ ಬರಬೇಕಾದ ಕೋಪ ಇನ್ನೂ ದಾರಿಯಲ್ಲಿತ್ತು.

"ನಾನು ಹೂಂ ಅನ್ನೋಕೇ ಬಂದಿದ್ದೆ" ಎಂದಳು. "ನೀವು ಹೇಗಿದ್ರೂ ಹೂಂ ಅಂತಿದ್ದೆ. ನನಗೆ ಏನೂ ಅನ್ಸಲ್ಲ. ಅಮ್ಮ ಹೋದ್ರು, ಅದೂ ಅನ್ಸಿಲ್ಲ. ಹಾಗೆ ಹೂಂ ಅಂದು ನಿಮ್ಮನೆಗೆ ಬಂದಿದ್ರೆ ನಿಮಗೆ ಮೋಸ ಆಗ್ತಿತ್ತು."

"ನಾನು ಬೇಡ ಅಂದಿದ್ದೂ ಅದಕ್ಕೇ. ನನ್ನ ಹೆಂಡತಿ ದೀಪ ಹಿಡೀತಿದ್ಲು, ನಾನು ನೋಡ್ತಿದ್ದೆ. ಒಂದೊಂದು ಕಲ್ಲಿಗೂ ಜಗಳ. ಅವಳು ಹೋದ ಮೇಲೆ ಬಂದವರಿಗೆಲ್ಲ ನಾನೇ ಹಿಡೀತೀನಿ. ಹಿಡಿಯೋನಿಗೆ ನೆರಳು ಕಾಣಲ್ಲ, ಬರೀ ಕಣ್ಣು ಕುಕ್ಕುತ್ತೆ. ಈ ಕೋಣೇಲಿ ಇದ್ದೂ ನಾನು ಇವನ್ನ ನೋಡಿ ವರ್ಷಗಳಾದವು."

"ದೀಪ ನಾನು ಹಿಡೀಲಾ ಅಂತ ಯಾರೂ ಕೇಳ್ಲಿಲ್ವಾ?"

"ಕೇಳಿದ್ರು. ಬೇಡ ಅಂದೆ."

"ಬೇಡ ಅನ್ನೋದು ನಿಮಗೆ ರೂಢಿ ಅಂತ ಕಾಣುತ್ತೆ."

ಅವನು ನಕ್ಕ. ಆ ನಗು ಸದ್ದಿಲ್ಲದ್ದು, ಆದರೆ ಕಣ್ಣಿನ ಮೂಲೆಗಳವರೆಗೆ ಹೋಗಿ ಬಂದಿತ್ತು. ಅವಳು ಅದನ್ನು ಪೂರ್ತಿ ನೋಡಿದಳು. ನೋಡುತ್ತಿದ್ದಾಳೆಂದು ಅವನಿಗೆ ಗೊತ್ತಾಗುವಷ್ಟು ಹೊತ್ತು ನೋಡಿದಳು.

ಅವಳ ಫೋನ್ ರಿಂಗಾಯಿತು. ಅಕ್ಕ.

"ಏನಾಯ್ತೇ? ಹೂಂ ಅಂದ್ಯಾ?"

"ಇಲ್ಲ."

ತಂಗಿಯ ಬಾಯಿಂದ ಆ ಪದ ಬಂದು ಎಷ್ಟು ಕಾಲವಾಗಿತ್ತೋ, ಅಕ್ಕನಿಗೆ ಮುಂದೇನು ಕೇಳಬೇಕೆಂದೇ ಹೊಳೆಯಲಿಲ್ಲ. "ಆಮೇಲೆ ಮಾಡ್ತೀನಿ, ನಿನ್ನ ಜೊತೆ ಬೇರೆ ಜಗಳ ಇದೆ" ಎಂದು ಇವಳೇ ಫೋನ್ ಇಟ್ಟಳು.

ಎದ್ದು ಬಂದು ದೀಪ ಕೈಗೆತ್ತಿಕೊಂಡಳು. "ನೀವು ನನಗೆ ಬೇಕೋ ಇಲ್ವೋ, ಸತ್ಯವಾಗಿ ಗೊತ್ತಿಲ್ಲ. ಆದ್ರೆ ನೀವು ಬೇಡ ಅಂದಿದ್ದು ನನಗೆ ಹಿಡಿಸ್ಲಿಲ್ಲ."

"ಹಾಗಾದ್ರೆ ಅದನ್ನ ವಾಪಸ್ ತಗೋತೀನಿ."

"ತಗೊಳ್ಳಿ. ಈಗ ಯಾವ ಕಲ್ಲು ಹೇಳಿ."

ಅವನು ಮೂಲೆಯಲ್ಲಿದ್ದ ದೊಡ್ಡ ಕಲ್ಲಿನ ಕಡೆ ನಡೆದ. ಅವಳು ಪಕ್ಕದಲ್ಲಿ ನಿಂತು ದೀಪ ಎತ್ತಿದಳು. ಕಲ್ಲಿನ ಮೇಲೆ ಏನೆದ್ದಿತೋ ಅವಳಿಗೆ ಕಾಣಲಿಲ್ಲ. ಅವನು ಹೇಳಿದ್ದು ನಿಜ, ಬರೀ ಕಣ್ಣು ಕುಕ್ಕುತ್ತಿತ್ತು. ಅವನ ಮುಖ ಮಾತ್ರ ಕಾಣುತ್ತಿತ್ತು. ಅವನು ಒಂದು ಮೂಲೆಯಿಂದ ಶುರುಮಾಡಿ ನಿಧಾನವಾಗಿ, ಬಹಳ ದಿನದ ಮೇಲೆ ಮನೆಗೆ ಬಂದವನು ಕೋಣೆ ಕೋಣೆ ನೋಡುವ ಹಾಗೆ ನೋಡಿದ. ನಡುವಿಗೆ ಬರುವಷ್ಟರಲ್ಲಿ ಕಣ್ಣು ಒದ್ದೆಯಾಗಿತ್ತು. ಒರೆಸಿಕೊಳ್ಳಲಿಲ್ಲ.

ದೀಪ ಭಾರವಿತ್ತು. ತೋಳಿನಿಂದ ಶುರುವಾದ ನೋವು ಹೆಗಲಿಗೆ ಏರಿತು. ಅಮ್ಮನನ್ನು ಎತ್ತಿ ಎತ್ತಿ ಇದೇ ತೋಳು ಎಷ್ಟು ನೋಯುತ್ತಿತ್ತೆಂದು ಅವಳು ಯಾರಿಗೂ ಹೇಳಿರಲಿಲ್ಲ.

"ಕೈ ನೋಯ್ತಿದೆ" ಎಂದಳು.

"ಇಳಿಸಿ, ಸಾಕು."

"ಇಳಿಸಲ್ಲ. ಹೇಳಿದೆ, ಅಷ್ಟೇ. ನೀವು ನೋಡಿ."

ಅವನು ನೋಡುತ್ತಲೇ ಒಂದು ಕೈ ಚಾಚಿ ಅವಳ ಮೊಣಕೈಯ ಕೆಳಗೆ ಆಸರೆ ಕೊಟ್ಟ. ನೋವೇನೂ ಹೋಗಲಿಲ್ಲ. ಅವಳಿಗೆ ಅದು ಹೋಗುವುದು ಬೇಕಾಗಿಯೂ ಇರಲಿಲ್ಲ.